ಹೋರಿಗೆ ಬಾದಾಮಿ, ಹೋರಿಗರುವಿಗೆ ಬತ್ತಿದ ಕೆಚ್ಚಲು

2024ರ ನವೆಂಬರಿನಲ್ಲಿ ಹರಿಯಾಣದ ‘ಅನ್ಮೋಲ್’ ಎಂಬ ಮುರ್ರಾ ಕೋಣ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ತೂಕ 1,500 ಕಿಲೋ, ಬೆಲೆ 23 ಕೋಟಿ ರೂಪಾಯಿ ಎಂದು ಬರೆದರು. ಬೆಲೆಯನ್ನು ಓದಿ ನಕ್ಕು ಮರೆತವರು ಕೂಡ ಅದರ ಊಟದ ಪಟ್ಟಿಯನ್ನು ಮೊಬೈಲಿನಿಂದ ಮೊಬೈಲಿಗೆ ಹರಿಬಿಟ್ಟರು: ದಿನಕ್ಕೆ 250 ಗ್ರಾಂ ಬಾದಾಮಿ, 30 ಬಾಳೆಹಣ್ಣು, 4 ಕಿಲೋ ದಾಳಿಂಬೆ, 5 ಲೀಟರ್ ಹಾಲು, 20 ಮೊಟ್ಟೆ, ಇದರ ಮೇಲೆ ತುಪ್ಪ, ಸೋಯಾ, ಮೆಕ್ಕೆಜೋಳ, ಹಿಂಡಿ. ಇಷ್ಟಕ್ಕೆ ದಿನದ ಖರ್ಚು ಸುಮಾರು 1,500 ರೂಪಾಯಿ. ಅನ್ಮೋಲ್‌ಗಿಂತ ಮುಂಚೆ ಯುವರಾಜ, ಸುಲ್ತಾನ ಎಂಬ ಕೋಣಗಳೂ ಹೀಗೇ ಮೆರೆದಿದ್ದವು. ಸುಲ್ತಾನನಿಗೆ ಸಂಜೆಯಾದರೆ ವಿಸ್ಕಿ ಬೇಕು ಎಂಬ ಸುದ್ದಿಗೆ ಸಿಕ್ಕ ಪ್ರಚಾರ ಅದರ ಕರುಗಳಿಗೆ ಸಿಗಲಿಲ್ಲ. ಅವು ಎಷ್ಟು ಹುಟ್ಟಿದವು, ಹೆಣ್ಣುಕರುಗಳು ಬೆಳೆದು ಎಷ್ಟು ಹಾಲು ಕೊಟ್ಟವು ಎಂದು ಯಾರೂ ಕೇಳಿದಂತೆ ಕಾಣೆ.

ನಮ್ಮ ಕಡೆಯೇನೂ ಕಮ್ಮಿಯಿಲ್ಲ. 2021ರ ನವೆಂಬರಿನಲ್ಲಿ ಬೆಂಗಳೂರಿನ ಜಿಕೆವಿಕೆ ಕೃಷಿ ಮೇಳಕ್ಕೆ ಬಂದಿದ್ದ ‘ಕೃಷ್ಣ’ ಎಂಬ ಹಳ್ಳಿಕಾರ್ ಹೋರಿಗೆ ಒಂದು ಕೋಟಿ ರೂಪಾಯಿ ಬೆಲೆ ಕಟ್ಟಲಾಗಿದೆ, ಅದರ ವೀರ್ಯದ ಒಂದು ಕಡ್ಡಿ 1,000 ರೂಪಾಯಿಗೆ ಹೋಗುತ್ತದೆ ಎಂದು ಸುದ್ದಿಯಾಗಿತ್ತು. ಮೇಳಕ್ಕೆ ಹೋದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆ, ಮುಡುಕುತೊರೆ ದನಗಳ ಜಾತ್ರೆಗಳಲ್ಲಿ ಚಪ್ಪರ ಹಾಕಿ ಕಟ್ಟಿದ ಹೋರಿಗಳ ಮುಂದೆ ನಿಂತು ‘ಏನು ಮೇವು ಹಾಕ್ತೀರಣ್ಣ?’ ಎಂದು ಕೇಳಿ ನೋಡಿ. ಹುಲ್ಲಿನ ಮಾತು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಮೊದಲು ಬರುವುದು ಬೇಯಿಸಿದ ಹುರುಳಿ, ರಾಗಿಹಿಟ್ಟಿನ ಗಂಜಿ, ಕಡಲೆಕಾಯಿ ಹಿಂಡಿ, ರವೆಬೂಸಾ, ಆಮೇಲೆ ಬೆಣ್ಣೆ, ಹಸಿಮೊಟ್ಟೆ, ಕೊಬ್ಬರಿ, ಬೆಲ್ಲ. ಉತ್ತರಕ್ಕೆ ಹೋದರೆ ಹತ್ತಿಕಾಳು ಸೇರಿಕೊಳ್ಳುತ್ತದೆ. ಹಾವೇರಿ ಕಡೆ ದೀಪಾವಳಿಯ ಹೊತ್ತಿಗೆ ಓಡಿಸುವ ಕೊಬ್ಬರಿ ಹೋರಿಗಳ ಉಪಚಾರವಂತೂ ಮನೆಯ ಬಾಣಂತಿಗೂ ಸಿಕ್ಕಿರಲಿಕ್ಕಿಲ್ಲ.

ಈ ಮೇವಿನ ಪದ್ಧತಿಯನ್ನು ಒಂದು ಕೃತಿಯನ್ನು ನೋಡುವಂತೆಯೇ ನೋಡಿ ಬೆಲೆ ಕಟ್ಟಬೇಕು ಅನ್ನಿಸುತ್ತದೆ. ಅದರ ಹಿಂದೆ ಅಕ್ಕರೆಯಿದೆ, ಹಣವಿದೆ, ಮನೆತನದ ಮರ್ಯಾದೆಯಿದೆ. ಇವನ್ನೆಲ್ಲ ಒಪ್ಪಿಕೊಂಡೇ ಕೇಳಬೇಕಾದ ಪ್ರಶ್ನೆ, ಬೀಜದ ಹೋರಿ ಇರುವುದು ಯಾತಕ್ಕೆ ಎಂಬುದು. ಬೆದೆಗೆ ಬಂದ ಹಸುವಿಗೆ ಹಾರಿಸಿದರೆ ಹಸು ಗಬ್ಬ ನಿಲ್ಲಬೇಕು. ಹಾಗೆ ಹುಟ್ಟಿದ ಕರು ಗಟ್ಟಿಯಾಗಿರಬೇಕು. ಹೋರಿಯ ಕಾಲು, ಸೊಂಟ ಏಳೆಂಟು ವರ್ಷವಾದರೂ ನಿಲ್ಲಬೇಕು. ಮೈಯ ಮಿರುಗು, ಹಿಣಿಲಿನ ಎತ್ತರ, ಗಂಗೆದೊಗಲಿನ ಇಳಿಬೀಳು ಇವೆಲ್ಲ ನೋಡುವವರ ಕಣ್ಣಿಗೆ. ಈ ಅಳತೆಯಲ್ಲಿ ಜಾತ್ರೆಯ ಮೇವು ಸೋಲುತ್ತದೆ ಎಂಬುದು ನನ್ನ ತೀರ್ಮಾನ. ಸೋಲುವ ಬಗೆ ಮಾತ್ರ ಒಂದೇ ತೆರನಲ್ಲ. ಕೆಲವು ಪದಾರ್ಥಗಳಿಂದ ದುಡ್ಡು ದಂಡ, ಕೆಲವುಗಳಿಂದ ಹೋರಿಯೇ ದಂಡ.

ಬಾದಾಮಿ, ಮೊಟ್ಟೆ, ಹಾಲು ಮೊದಲನೆಯ ಗುಂಪಿಗೆ ಸೇರಿದವು. ಮೆಲುಕು ಹಾಕುವ ಪ್ರಾಣಿಗೆ ನಾವು ಕೊಟ್ಟದ್ದು ನೇರ ಅದರ ರಕ್ತಕ್ಕೆ ಹೋಗುವುದಿಲ್ಲ. ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಮೊದಲಿನ ದೊಡ್ಡ ಚೀಲವೇ ದೊಡ್ಡ ಹೋರಿಯಲ್ಲಿ ನೂರು ಲೀಟರಿನ ಆಸುಪಾಸು ಹಿಡಿಸುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ಜೀವಿಗಳು. ಹೋರಿಗಿಂತ ಮೊದಲು ಉಣ್ಣುವವು ಅವು. ಮೊಟ್ಟೆಯ ಪ್ರೋಟೀನನ್ನು ಅವು ಒಡೆದು ಅಮೋನಿಯಾ ಮಾಡುತ್ತವೆ, ಆ ಅಮೋನಿಯಾದಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ, ಕೊನೆಗೆ ಹೋರಿಗೆ ದಕ್ಕುವುದು ಬಹುಪಾಲು ಆ ಜೀವಿಗಳ ಮೈ. ಅದೇ ಕೆಲಸವನ್ನು ಕಡಲೆಹಿಂಡಿಯಿಂದಲೂ ಅವು ಮಾಡುತ್ತವೆ, ಹುರುಳಿಯಿಂದಲೂ ಮಾಡುತ್ತವೆ. ಬಾದಾಮಿಯ ಎಣ್ಣೆಯ ಒಳ್ಳೆಯ ಗುಣವೂ ಅಲ್ಲೇ ಬಹಳಷ್ಟು ಕಳೆದುಹೋಗುತ್ತದೆ. ಎಣ್ಣೆ, ತುಪ್ಪ, ಬೆಣ್ಣೆ ಹೆಚ್ಚಾಗಿ ಒಟ್ಟು ಮೇವಿನ ಒಣತೂಕದ ನೂರಕ್ಕೆ 6–7 ಪಾಲು ದಾಟಿದರೆ ಹುಲ್ಲಿನ ನಾರನ್ನು ಕರಗಿಸುವ ಜೀವಿಗಳ ಕೆಲಸ ಕುಂಟುತ್ತದೆ. ಅಂದರೆ ದುಬಾರಿ ತುಪ್ಪ ಹಾಕಿ ಅಗ್ಗದ ಹುಲ್ಲು ಜೀರ್ಣವಾಗದಂತೆ ಮಾಡಿದಂತಾಯಿತು. ಎಳೆಗರುವಿನ ಮಾತು ಬೇರೆ. ಕರು ಹಾಲು ಚೀಪುವಾಗ ಅನ್ನನಾಳದ ಕೊನೆಯಲ್ಲಿ ಒಂದು ಮಡಿಕೆ ಮುಚ್ಚಿಕೊಂಡು ಹಾಲು ದೊಡ್ಡ ಚೀಲವನ್ನು ದಾಟಿ ನೇರ ನಿಜವಾದ ಜಠರಕ್ಕೆ ಹೋಗುತ್ತದೆ. ಹಾಲಿನ ಪೂರ್ತಿ ಸತ್ವ ದಕ್ಕುವುದು ಆ ವಯಸ್ಸಿನಲ್ಲಿ. ಬೆಳೆದ ಹೋರಿಗೆ ಗೊಟ್ಟದಲ್ಲಿ ಹಾಲು, ಮೊಟ್ಟೆ ಸುರಿಯುವವರು ಇನ್ನೊಂದು ಅಪಾಯವನ್ನೂ ಎದುರು ಹಾಕಿಕೊಳ್ಳುತ್ತಾರೆ. ಕತ್ತು ಮೇಲೆತ್ತಿ ಹಿಡಿದಾಗ ಒಂದು ಗುಟುಕು ಶ್ವಾಸನಾಳಕ್ಕೆ ಇಳಿದರೆ ಸಾಕು, ಶ್ವಾಸಕೋಶ ಕೊಳೆಯುವ ನ್ಯುಮೋನಿಯಾ ಬರುತ್ತದೆ.

ಎರಡನೆಯ ಗುಂಪು, ಅಂದರೆ ಹೋರಿಯನ್ನು ಕೊಬ್ಬಿಸುವ ಕಾಳು, ಹಿಟ್ಟು, ಬೆಣ್ಣೆಯಂಥವು, ಹೆಚ್ಚು ಗಂಭೀರ. ಹೋರಿಯ ಮೈ ಬಿಸಿ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ವೃಷಣಗಳು ಅದಕ್ಕಿಂತ 4–5 ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣು ಸರಿಯಾಗಿ ಹುಟ್ಟುತ್ತದೆ. ಅದಕ್ಕೇ ಅವು ಹೊಟ್ಟೆಯ ಹೊರಗೆ ತೂಗುತ್ತವೆ. ಚೀಲದ ಕುತ್ತಿಗೆಯಲ್ಲಿ ಮೇಲಿಂದ ಬರುವ ಬಿಸಿರಕ್ತದ ನಾಳವನ್ನು ವಾಪಸು ಹೋಗುವ ತಂಪುರಕ್ತದ ನಾಳಗಳು ಬಳ್ಳಿಯಂತೆ ಸುತ್ತಿಕೊಂಡು ಬಿಸಿಯನ್ನು ಹೀರಿಕೊಳ್ಳುತ್ತವೆ. ಹೋರಿಯನ್ನು ಕೊಬ್ಬಿಸಿದಾಗ ಕೊಬ್ಬು ಬೆನ್ನಿನಲ್ಲಿ, ಪಕ್ಕೆಯಲ್ಲಿ ಮಾತ್ರ ನಿಲ್ಲುವುದಿಲ್ಲ. ಈ ಕುತ್ತಿಗೆಯಲ್ಲೂ ಚೀಲದ ಚರ್ಮದಡಿಯಲ್ಲೂ ಕೂರುತ್ತದೆ. ಬಿಸಿ ಹೊರಹೋಗುವ ದಾರಿ ಮುಚ್ಚುತ್ತದೆ. ಸುಡುಬಿಸಿಲಲ್ಲಿ ಹೋರಿಗೆ ಕಂಬಳಿ ಹೊದಿಸಿ ಕಟ್ಟಿದ ಹಾಗೆ. ಕೆನಡಾದ ಲೆತ್‌ಬ್ರಿಜ್ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಕೋಲ್ಟರ್, ಜಾನ್ ಕ್ಯಾಸ್ಟೆಲಿಕ್ ಮೊದಲಾದವರು 1980 ಮತ್ತು 90ರ ದಶಕಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ಎಳೆಯ ಹೋರಿಗಳ ಒಂದು ಗುಂಪಿಗೆ ನೂರಕ್ಕೆ 80 ಪಾಲು ಕಾಳು, 20 ಪಾಲು ಹುಲ್ಲು. ಇನ್ನೊಂದು ಗುಂಪಿಗೆ ಬರೀ ಹುಲ್ಲಿನ ಮೇವು. ಕಾಳು ತಿಂದವು ನೋಡಲು ಭರ್ಜರಿ. ವೀರ್ಯ ಪರೀಕ್ಷಿಸಿದಾಗ ಹುಲ್ಲು ತಿಂದವುಗಳಲ್ಲಿ ಮುಂದಕ್ಕೆ ಚುರುಕಾಗಿ ಈಜುವ ವೀರ್ಯಾಣು ಹೆಚ್ಚು, ಅಂಕುಡೊಂಕಾದವು ಕಡಿಮೆ.

ಆ ಪ್ರಯೋಗದ ಹೋರಿಗಳು ಹಿಯರ್‌ಫರ್ಡ್, ಆಂಗಸ್‌ನಂಥ ಮಾಂಸದ ತಳಿಗಳವು, ಊರು ಚಳಿಯದು, ನಮಗೆ ಅದು ಹೊಂದುತ್ತದೆಯೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ಹಿಣಿಲಿರುವ ನಮ್ಮ ದೇಸಿ ತಳಿಗಳಲ್ಲಿ ಆ ರಕ್ತನಾಳದ ಸುತ್ತು ಯುರೋಪಿನ ತಳಿಗಳಿಗಿಂತ ಚೆನ್ನಾಗಿದೆ, ನಾಳದ ಗೋಡೆ ತೆಳು, ಹಾಗಾಗಿ ತಂಪಾಗುವ ಶಕ್ತಿಯೂ ಹೆಚ್ಚು. ಇದು ಬಿಸಿಲ ನಾಡಿನಲ್ಲಿ ಸಾವಿರಾರು ವರ್ಷ ಬಾಳಿ ಅವು ಪಡೆದುಕೊಂಡದ್ದು. ಹಳ್ಳಿಕಾರ್ ಹೋರಿಯನ್ನು ಬೆಣ್ಣೆ, ಗಂಜಿಯಲ್ಲಿ ಮುಳುಗಿಸುವವರು ತಳಿಯ ಈ ಆಸ್ತಿಯನ್ನೇ ಕರಗಿಸುತ್ತಿದ್ದಾರೆ. ನಮ್ಮ ತಳಿ ಶ್ರೇಷ್ಠ ಎಂದು ವೇದಿಕೆಯ ಮೇಲೆ ಹೇಳುವವರೂ ಬಹಳ ಸಲ ಅವರೇ.

ಇದರಲ್ಲೊಂದು ಕಾಲದ ಲೆಕ್ಕವಿದೆ, ಅದನ್ನು ಗಮನಿಸುವವರು ಕಡಿಮೆ. ಹೋರಿಯಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 61 ದಿನ ಬೇಕು, ಆಮೇಲೆ ಬಲಿತು ಹೊರಬರಲು ಇನ್ನೊಂದು ವಾರ ಹತ್ತು ದಿನ. ಹಾಗಾಗಿ ಇವತ್ತು ತಪ್ಪಿದ ಮೇವಿನ ಫಲ ಎರಡು ತಿಂಗಳಾದ ಮೇಲೆ ಕಾಣುತ್ತದೆ. ಪುಷ್ಯದ ಜಾತ್ರೆಗೆಂದು ಕಾರ್ತಿಕದಿಂದ ಕೊಬ್ಬಿಸಿದ ಹೋರಿ ಜಾತ್ರೆಯ ದಿನ ಬಹುಮಾನ ಗೆಲ್ಲುತ್ತದೆ. ಅದರ ವೀರ್ಯ ಕೆಡುವುದು ಮಾಘ, ಫಾಲ್ಗುಣದ ಹೊತ್ತಿಗೆ. ಆಗ ಅದಕ್ಕೆ ಹಾರಿಸಿದ ಹಸು ನಿಲ್ಲದಿದ್ದರೆ ‘ಹಸು ತಿರುಗಿತು’ ಎನ್ನುತ್ತೇವೆ. ತಪ್ಪು ಹಸುವಿನ ಲೆಕ್ಕಕ್ಕೆ ಹೋಗುತ್ತದೆ. ಬೆಳ್ಳಿ ಕಡಗ ತೊಟ್ಟ ಹೋರಿಯನ್ನು ಸಂದೇಹಿಸುವ ಧೈರ್ಯ ಊರಿನಲ್ಲಿ ಯಾರಿಗಿದೆ?

ಕಾಳು, ಹಿಟ್ಟು ಹೆಚ್ಚಾದಾಗ ಇನ್ನೊಂದು ಕಡೆಯಿಂದಲೂ ಹೊಡೆತ ಬೀಳುತ್ತದೆ. ಪಿಷ್ಟ ವೇಗವಾಗಿ ಹುಳಿತು ಮೆಲುಕಿನ ಚೀಲದಲ್ಲಿ ಆಮ್ಲ ಏರುತ್ತದೆ, ಚೀಲದ ಒಳಗೋಡೆ ಹುಣ್ಣಾಗುತ್ತದೆ, ಅಲ್ಲಿಂದ ಸೋಂಕು ಯಕೃತ್ತಿಗೆ ಇಳಿಯಬಹುದು. ಗೊರಸಿನ ಒಳಗಿನ ಮೃದು ಭಾಗ ಉರಿಯೂತಕ್ಕೆ ತುತ್ತಾಗುತ್ತದೆ, ಗೊರಸು ಅಡ್ಡಾದಿಡ್ಡಿ ಬೆಳೆಯುತ್ತದೆ. ಹೋರಿ ಹಸುವನ್ನು ಏರುವಾಗ ಮೈಯ ಅಷ್ಟೂ ಭಾರ ಹಿಂಗಾಲ ಗೊರಸಿನ ಮೇಲೆ. ನೋವಿದ್ದರೆ ಅದು ಏರುವುದೇ ಇಲ್ಲ. ‘ಹೋರಿಗೆ ಮನಸ್ಸಿಲ್ಲ, ದೃಷ್ಟಿ ತಾಗಿದೆ’ ಎಂದು ಮೆಣಸಿನಕಾಯಿ ನಿವಾಳಿಸುವುದನ್ನು ಬಿಟ್ಟು ಅದರ ಕಾಲೆತ್ತಿ ಗೊರಸು ನೋಡಬೇಕಿತ್ತು. ಹಾಲು ಕರೆಯುವ ಹಸುವಿನ ಪಶು ಆಹಾರವನ್ನೇ ವರ್ಷಗಟ್ಟಲೆ ಹೋರಿಗೂ ಹಾಕುವುದರಿಂದ ಇನ್ನೊಂದು ತೊಂದರೆ. ಹಸುವಿಗೆ ಕ್ಯಾಲ್ಸಿಯಂ ಹೆಚ್ಚು ಬೇಕು, ಹಾಲಿನಲ್ಲಿ ಅದು ಹೊರಹೋಗುತ್ತದೆ. ಹೋರಿಯಿಂದ ಹಾಗೆ ಹೋಗುವ ದಾರಿಯಿಲ್ಲ. ಮಿತಿಮೀರಿದ ಕ್ಯಾಲ್ಸಿಯಂ ತಿಂದು ವಯಸ್ಸಾದ ಹೋರಿಗಳ ಬೆನ್ನುಮೂಳೆಯಲ್ಲಿ ಎಲುಬಿನ ಗಂಟು ಬೆಳೆದು ಕೀಲು ಕಟ್ಟಿಹೋಗುವುದನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1960ರ ದಶಕದಲ್ಲೇ ಗುರುತಿಸಿದ್ದರು.

ಹತ್ತಿಕಾಳಿನ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಧಾರವಾಡ, ಹಾವೇರಿ, ರಾಯಚೂರು ಸೀಮೆಯಲ್ಲಿ ಎಮ್ಮೆಗೂ ಎತ್ತಿಗೂ ಹತ್ತಿಕಾಳು, ಹತ್ತಿಕಾಳಿನ ಹಿಂಡಿಗಿಂತ ಮಿಗಿಲಾದ ಮೇವಿಲ್ಲ ಎಂಬ ನಂಬಿಕೆ. ಎಮ್ಮೆಯ ಹಾಲಿನಲ್ಲಿ ಬೆಣ್ಣೆ ಹೆಚ್ಚುತ್ತದೆ, ಎತ್ತಿನ ಮೈ ತುಂಬುತ್ತದೆ, ನಂಬಿಕೆ ಸುಳ್ಳಲ್ಲ. ಆದರೆ ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ವಸ್ತುವಿದೆ, ಗಿಡ ತನ್ನನ್ನು ಕೀಟದಿಂದ ಕಾಪಾಡಿಕೊಳ್ಳಲು ಮಾಡಿಕೊಂಡದ್ದು. ಚೀನಾದಲ್ಲಿ ಹಸಿ ಹತ್ತಿಕಾಳಿನ ಎಣ್ಣೆಯನ್ನೇ ಅಡುಗೆಗೆ ಬಳಸಿದ ಹಳ್ಳಿಗಳಲ್ಲಿ ಮಕ್ಕಳಾಗುವುದು ನಿಂತದ್ದನ್ನು ಕಂಡು ಅಲ್ಲಿನ ವಿಜ್ಞಾನಿಗಳು 1970ರ ದಶಕದಲ್ಲಿ ಇದೇ ಗಾಸಿಪಾಲನ್ನು ಗಂಡಸರ ಗರ್ಭನಿರೋಧಕ ಗುಳಿಗೆಯಾಗಿ ಪರೀಕ್ಷಿಸಿದ್ದರು. ರಕ್ತದ ಪೊಟ್ಯಾಸಿಯಂ ಕುಸಿಯುವುದು, ಕೆಲವರಲ್ಲಿ ಫಲಶಕ್ತಿ ಮರಳಿ ಬಾರದಿರುವುದು ಕಂಡು ಆ ಪ್ರಯತ್ನ ಕೈಬಿಟ್ಟರು. ಬೆಳೆದ ದನದ ಮೆಲುಕಿನ ಚೀಲ ಗಾಸಿಪಾಲಿನ ಬಹುಪಾಲನ್ನು ಕಟ್ಟಿಹಾಕುತ್ತದೆ. ಅದಕ್ಕೇ ಎಮ್ಮೆ, ಎತ್ತುಗಳಿಗೆ ಏನೂ ಆದಂತೆ ಕಾಣುವುದಿಲ್ಲ. ಪ್ರಮಾಣ ಹೆಚ್ಚಾದಾಗ ಉಳಿದದ್ದು ರಕ್ತಕ್ಕೆ ಸೇರಿ ವೀರ್ಯಾಣುವಿನ ನಡುಭಾಗವನ್ನು ಕೆಡಿಸುತ್ತದೆ. ವೀರ್ಯಾಣುವಿನ ಬಾಲಕ್ಕೆ ಕಸುವು ಬರುವುದು ಆ ನಡುಭಾಗದಿಂದ. ಮೆಲುಕು ಇನ್ನೂ ಕೂಡದ ಎಳೆಗರುವಿಗೆ ಹತ್ತಿಕಾಳು ನೇರ ವಿಷ. ವಿಟಮಿನ್ ಇ ಜೊತೆಗಿದ್ದರೆ ಹೋರಿಯ ಮೇಲಿನ ಹೊಡೆತ ತಗ್ಗುತ್ತದೆ ಎಂದು ಅಮೆರಿಕದ ಫ್ಲಾರಿಡಾದ ಪ್ರಯೋಗಗಳು ತೋರಿಸಿವೆ, ಹಸಿಹುಲ್ಲಿನಲ್ಲಿ ಆ ವಿಟಮಿನ್ ಇದೆ. ಆದರೂ ನನ್ನ ಮಾತು ಸರಳ: ಬೀಜ ಒಡೆಸಿದ ಎತ್ತಿಗೆ ಹದವಾಗಿ ಹಾಕಿ, ಬೀಜದ ಹೋರಿಗೂ ಎಳೆಗರುವಿಗೂ ಹಾಕಬೇಡಿ. ಹೋರಿಯ ಗೋದಲಿಗೂ ಎತ್ತಿನ ಗೋದಲಿಗೂ ನಡುವೆ ಒಂದು ಗೋಡೆ ಇರಲೇಬೇಕು. ನಮ್ಮ ಮೇವಿನ ಸಂಪ್ರದಾಯ ಎತ್ತಿಗಾಗಿ ಬೆಳೆದದ್ದು. ದುಡಿಯುವ ಎತ್ತು ತಿಂದ ಕಸುವನ್ನು ಹೊಲದಲ್ಲಿ ಕಳೆಯುತ್ತದೆ, ಕಟ್ಟಿಹಾಕಿದ ಹೋರಿ ಮೈಯಲ್ಲಿ ಉಳಿಸಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೂ, ದೊಡ್ಡ ತಪ್ಪು ಇದಲ್ಲ ಎಂದೇ ನಾನು ತಿಳಿದಿದ್ದೇನೆ. ದೊಡ್ಡ ತಪ್ಪು ಆಗುವುದು ಹೋರಿ ಇನ್ನೂ ಕರುವಾಗಿದ್ದಾಗ, ಜಾತ್ರೆಯ ಚಪ್ಪರದಿಂದ ಬಹು ದೂರದಲ್ಲಿ. ಹೋರಿಯ ವೃಷಣ ಎಷ್ಟು ದೊಡ್ಡದಾಗುತ್ತದೆ, ದಿನಕ್ಕೆ ಎಷ್ಟು ವೀರ್ಯಾಣು ಹುಟ್ಟಿಸುತ್ತದೆ ಎಂಬುದು ಅದರೊಳಗಿನ ಸರ್ಟೋಲಿ ಎಂಬ ದಾದಿಕೋಶಗಳ ಸಂಖ್ಯೆಯ ಮೇಲೆ ನಿಂತಿದೆ. ಒಂದೊಂದು ದಾದಿಕೋಶ ಇಷ್ಟೇ ವೀರ್ಯಾಣುಗಳನ್ನು ಪೋಷಿಸಬಲ್ಲದು. ಈ ಕೋಶಗಳು ಹೆಚ್ಚುವುದು ಕರುತನದಲ್ಲಿ ಮಾತ್ರ; ಪ್ರಾಯಕ್ಕೆ ಬಂದ ಮೇಲೆ ಒಂದೂ ಹೆಚ್ಚುವುದಿಲ್ಲ. ಸುಮಾರು 10ನೇ ವಾರದಿಂದ ಮೆದುಳಿನ ಬುಡದ ಗ್ರಂಥಿಯಿಂದ ಹಾರ್ಮೋನಿನ ಒಂದು ಅಲೆ ಏಳುತ್ತದೆ. ಆಗ ಕರುವಿನ ಹೊಟ್ಟೆ ತುಂಬಿದ್ದರೆ ಅಲೆ ಜೋರಾಗಿರುತ್ತದೆ, ಹಸಿದಿದ್ದರೆ ಮಂಕಾಗಿರುತ್ತದೆ. 10ರಿಂದ 30ನೇ ವಾರದವರೆಗೆ ಚೆನ್ನಾಗಿ ತಿಂದ ಕರುಗಳು ಬೇಗ ಪ್ರಾಯಕ್ಕೆ ಬಂದವು, ಅವುಗಳ ವೃಷಣ ದೊಡ್ಡದಾಯಿತು, ಆ ವಯಸ್ಸಿನಲ್ಲಿ ಉಪವಾಸ ಬಿದ್ದವು ಆಮೇಲೆ ಎಷ್ಟು ತಿಂದರೂ ಆ ಅಳತೆಗೆ ಬರಲಿಲ್ಲ ಎಂಬುದನ್ನೂ ಕೆನಡಾದವರೇ ತೋರಿಸಿದ್ದಾರೆ.

ಹುಟ್ಟಿದ ಮೊದಲ ಆರೇಳು ತಿಂಗಳು ನಮ್ಮ ಹೋರಿಗರುವಿನ ಗತಿ ಏನೆಂದು ಹಟ್ಟಿ ಕಂಡ ಯಾರನ್ನೂ ಕೇಳಬೇಕಾಗಿಲ್ಲ. ಹಾಲು ಇಳಿಸಲೆಂದು ಒಂದು ನಿಮಿಷ ಕೆಚ್ಚಲಿಗೆ ಬಿಡುತ್ತಾರೆ, ತೊರೆ ಬಿಡುತ್ತಿದ್ದಂತೆ ಕುತ್ತಿಗೆ ಹಗ್ಗ ಎಳೆದು ಕಂಬಕ್ಕೆ ಕಟ್ಟುತ್ತಾರೆ. ಕರೆದು ಮುಗಿದ ಮೇಲೆ ಮತ್ತೆ ಬಿಟ್ಟರೆ ಸಿಗುವುದು ಬತ್ತಿದ ಮೊಲೆ. ಡೇರಿಗೆ ಹಾಕಿದ ಲೀಟರಿಗೆ ದುಡ್ಡು ಬರುತ್ತದೆ, ಕರುವಿನ ಹೊಟ್ಟೆಗೆ ಹೋದ ಲೀಟರಿಗೆ ಬರುವುದಿಲ್ಲ. ರೈತನ ಈ ಲೆಕ್ಕವನ್ನು ನಾನು ಹೀಗಳೆಯಲಾರೆ. ಮೊದಲೆರಡು ತಿಂಗಳು ಕರುವಿಗೆ ಅದರ ಮೈತೂಕದ ಹತ್ತನೆಯ ಒಂದು ಪಾಲು ಹಾಲು ಬೇಕು. 25 ಕಿಲೋ ಕರುವಿಗೆ ದಿನಕ್ಕೆ ಎರಡೂವರೆ ಲೀಟರ್. ಹುಟ್ಟಿದ ಗಂಟೆಯೊಳಗೆ ಗಿಣ್ಣ ಬೇಕು. ಎರಡನೆಯ ವಾರದಿಂದ ಬಾಯಾಡಿಸಲು ಎಳೆಹುಲ್ಲು, ಒಂದು ಹಿಡಿ ಕರುವಿನ ಮೇವು ಬೇಕು. ಹೆಣ್ಣುಗರುವಿಗೆ ಇದರಲ್ಲಿ ಅರ್ಧವಾದರೂ ಸಿಗುತ್ತದೆ, ನಾಳೆ ಹಾಲು ಕೊಡುವವಳು ಎಂಬ ಆಸೆಯಿಂದ. ಹೋರಿಗರುವಿನ ಪಾಲಿಗೆ ಟ್ರ್ಯಾಕ್ಟರ್ ಬಂದ ಮೇಲೆ ಎಲ್ಲ ಬಾಗಿಲೂ ಮುಚ್ಚಿತು. ಹಾಗೆ ಬೆನ್ನುಮೂಳೆ ಎಣಿಸುವಂತೆ ಬೆಳೆದದ್ದರಲ್ಲಿ ಬಣ್ಣ ಚೆಂದ, ಕೊಂಬು ಚೆಂದ, ಸುಳಿ ಚೆಂದ ಎಂದು ಒಂದನ್ನು ಎರಡು ಹಲ್ಲಾದಾಗ ಕೊಂಡು ತಂದು, ಆಮೇಲೆ ಬಾದಾಮಿ ತಿನ್ನಿಸುತ್ತೇವೆ. ಅದರ ವೃಷಣದ ಭವಿಷ್ಯ ಅಷ್ಟು ಹೊತ್ತಿಗೆ ಬರೆದು ಮುಗಿದಿರುತ್ತದೆ. ಬಾದಾಮಿ ಅದನ್ನು ತಿದ್ದಲಾರದು.

ಇನ್ನು ಬೇಸಿಗೆಯ ಮಾತು. ಬಯಲುಸೀಮೆಯಲ್ಲಿ ಮಾಘ ಮುಗಿಯುವ ಹೊತ್ತಿಗೆ ಹಸಿರು ಮುಗಿಯುತ್ತದೆ, ಉಳಿಯುವುದು ರಾಗಿಹುಲ್ಲು, ಜೋಳದ ಸಪ್ಪೆ, ಭತ್ತದ ಹುಲ್ಲು. ಒಣಹುಲ್ಲಿನಲ್ಲಿ ವಿಟಮಿನ್ ಎ ಆಗಬೇಕಾದ ಕ್ಯಾರೊಟಿನ್ ಬಹುತೇಕ ಇರುವುದಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ತಿಂಗಳು ನಡೆಸುತ್ತದೆ. ಅದು ತೀರಿದ ಮೇಲೆ ವೀರ್ಯಾಣು ಹುಟ್ಟುವ ನಾಳಗಳ ಒಳಪದರವೇ ಸವೆಯುತ್ತದೆ. ದಿನಕ್ಕೆ ನಾಲ್ಕೈದು ಕಿಲೋ ಸೀಮೆಹುಲ್ಲೋ ಅಗಸೆಸೊಪ್ಪೋ ನುಗ್ಗೆಸೊಪ್ಪೋ ಸಿಕ್ಕರೆ ಇದು ಬಾರದು. ಬಾದಾಮಿಯ ಒಂದು ದಿನದ ದುಡ್ಡಿನಲ್ಲಿ ಆ ಸೊಪ್ಪು ಒಂದು ವಾರಕ್ಕೆ ಬರುತ್ತದೆ. ಭತ್ತದ ಹುಲ್ಲನ್ನೇ ನೆಚ್ಚಿದವರು ಇನ್ನೊಂದು ತಿಳಿದಿರಬೇಕು: ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಮೇಲೆ ಕ್ಯಾಲ್ಸಿಯಂ ಅತಿಯಾದ ಹೋರಿಯ ಮಾತು ಹೇಳಿ ಇಲ್ಲಿ ಕೊರತೆಯ ಮಾತು ಆಡುತ್ತಿದ್ದೇನಲ್ಲ ಎನ್ನಬೇಡಿ. ಪೇಟೆಯ ಪಶು ಆಹಾರ ತಿನ್ನುವ ಹೋರಿಗೆ ಮೊದಲನೆಯದು, ಬರೀ ಹುಲ್ಲು ತಿನ್ನುವ ಹೋರಿಗೆ ಎರಡನೆಯದು. ಎರಡೂ ನಮ್ಮ ತಾಲ್ಲೂಕಿನಲ್ಲೇ ಅಕ್ಕಪಕ್ಕದ ಹಟ್ಟಿಗಳಲ್ಲಿವೆ.

ಖನಿಜಗಳಲ್ಲಿ ಸತುವು ನಮ್ಮ ಮಟ್ಟಿಗೆ ಮುಖ್ಯ. ವೃಷಣ ಬೆಳೆಯಲು, ಗಂಡು ಹಾರ್ಮೋನು ಹುಟ್ಟಲು, ವೀರ್ಯಾಣು ಬಲಿಯಲು ಅದು ಬೇಕೇ ಬೇಕು, ಗೊರಸು ಗಟ್ಟಿಯಾಗಲಿಕ್ಕೂ ಬೇಕು. ರಾಜ್ಯದ ‘ಭೂಚೇತನ’ ಯೋಜನೆಯಲ್ಲಿ 2009ರಿಂದ ಹೊಲಗಳ ಮಣ್ಣು ಪರೀಕ್ಷೆ ನಡೆದಾಗ ಸತು, ಬೋರಾನ್, ಗಂಧಕಗಳ ಕೊರತೆ ಜಿಲ್ಲೆ ಜಿಲ್ಲೆಯಲ್ಲೂ ಎದ್ದು ಕಂಡಿತು. ಮಣ್ಣಿನಲ್ಲಿ ಇಲ್ಲದ್ದು ಹುಲ್ಲಿನಲ್ಲಿ ಇರದು, ಹುಲ್ಲಿನಲ್ಲಿ ಇಲ್ಲದ್ದು ಹೋರಿಯ ಮೈಯಲ್ಲಿ ಇರದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಆಯಾ ಪ್ರದೇಶದ ಕೊರತೆ ನೋಡಿ ಅದಕ್ಕೆ ತಕ್ಕ ಖನಿಜ ಮಿಶ್ರಣ ರೂಪಿಸಿದೆ. ದಿನಕ್ಕೆ 50 ಗ್ರಾಂ ಸಾಕು. ಅಷ್ಟು ಪುಡಿಯನ್ನು ಹೋರಿಯ ಮುಂದಿಟ್ಟು ಫೋಟೋ ತೆಗೆಸಿಕೊಳ್ಳಲು ಆಗುವುದಿಲ್ಲ, ಅದೊಂದೇ ಅದರ ದೋಷ.

ಹಾಗಾದರೆ ಒಳ್ಳೆಯ ಮೇವು ಹೇಗಿರುತ್ತದೆ? ನೋಡಬೇಕೆಂದರೆ ಹೆಸರಘಟ್ಟಕ್ಕೆ ಹೋಗಬೇಕು. ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಸಂಸ್ಥೆ ಅಲ್ಲಿದೆ, ಹಾಲು ಮಹಾಮಂಡಳದ ನಂದಿನಿ ವೀರ್ಯ ಕೇಂದ್ರವೂ ಅಲ್ಲೇ ಇದೆ. ಇಂಥ ಕೇಂದ್ರಗಳಲ್ಲಿ ಹೋರಿಯ ಬೆಲೆ ಕಟ್ಟುವುದು ಸೂಕ್ಷ್ಮದರ್ಶಕದ ಕೆಳಗೆ. ವಾರಕ್ಕೆ ಎರಡು ಬಾರಿ ವೀರ್ಯ ತೆಗೆಯುತ್ತಾರೆ. ಕಾಲು ಮಿಲಿಲೀಟರ್ ಹಿಡಿಯುವ ಒಂದು ಕಡ್ಡಿಯಲ್ಲಿ 2 ಕೋಟಿ ವೀರ್ಯಾಣು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟು, ಕರಗಿಸಿ ನೋಡಿದಾಗ ಅರ್ಧದಷ್ಟಾದರೂ ಈಜಬೇಕು. ಇಲ್ಲವಾದರೆ ಆ ಸಲದ್ದೆಲ್ಲ ಚರಂಡಿಗೆ. ಮೇವಿನ ತಪ್ಪು ಎರಡು ತಿಂಗಳ ಮೇಲೆ ಲೆಕ್ಕದ ಪುಸ್ತಕದಲ್ಲಿ ಕಂಡೇ ಕಾಣುತ್ತದೆ. ಹಾಗಾಗಿ ಊಟದ ಪಟ್ಟಿ ಬಲು ನೀರಸ: 500 ಕಿಲೋ ಹೋರಿಗೆ ಹುಲ್ಲು, ಮೇವು ಎಲ್ಲ ಸೇರಿ 10–12 ಕಿಲೋ ಒಣತೂಕ. ಅದರಲ್ಲಿ ಎರಡು ಮೂರು ಕಿಲೋ ಮಾತ್ರ ಕಾಳು, ಹಿಂಡಿ, ಬೂಸಾದ ಮಿಶ್ರಣ. ಉಳಿದದ್ದು ಹಸಿಹುಲ್ಲು, ಒಣಹುಲ್ಲು. ಖನಿಜ ಮಿಶ್ರಣ, ಉಪ್ಪು, ಬೇಕಾದಷ್ಟು ನೀರು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಿಟ್ಟರೆ ಸಿಗಬೇಕು, ಅಷ್ಟು ಮೈ. ದಿನವೂ ನಡಿಗೆ. ಬಾದಾಮಿ ಎಲ್ಲೂ ಇಲ್ಲ. ಈ ಕೇಂದ್ರಗಳ ಮೇಲೆ ನನ್ನ ದೂರು ಒಂದೇ. ಇಷ್ಟು ವರ್ಷ ಕೂಡಿಸಿದ ಈ ತಿಳಿವಳಿಕೆ ಕಡ್ಡಿಯಷ್ಟು ಸಲೀಸಾಗಿ ಹಳ್ಳಿಗೆ ಬರುತ್ತಿಲ್ಲ. ಊರ ಹೋರಿ ಸಾಕುವವರ ಕೈಗೆ ಒಂದು ಪುಟದ ಮೇವಿನ ಪಟ್ಟಿ ತಲುಪುವುದು ಅಪರೂಪ.

ಹಳೆಯ ಕಾಲದಲ್ಲಿ ಎಲ್ಲ ಸರಿಯಿತ್ತು ಎನ್ನುವವರ ಜೊತೆಗೂ ನಾನು ಹೋಗಲಾರೆ, ಆದರೆ ಅವರ ಮಾತಿನಲ್ಲಿ ಒಂದು ಪಾಲು ನಿಜವಿದೆ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆದದ್ದು, ಕಾವಲುಗಳ ಹುಲ್ಲಿನ ಮೇಲೆ ನಿಂತ ವ್ಯವಸ್ಥೆ. ಹೋರಿಗಳು ಹಿಂಡಿನೊಂದಿಗೆ ಮೈಲುಗಟ್ಟಲೆ ನಡೆದು ಹತ್ತಾರು ಬಗೆಯ ಹುಲ್ಲು, ಸೊಪ್ಪು ಮೇಯುತ್ತಿದ್ದವು. ಊರಿಗೆ ಬಿಟ್ಟ ದೇವರ ಬಸವನೂ ಅಷ್ಟೇ. ಎಲ್ಲರ ಹೊಲದಲ್ಲೂ ಬಾಯಿ ಹಾಕಿ ಬೈಸಿಕೊಂಡೇ ಗಟ್ಟಿಯಾಗಿತ್ತು. ಬೈಗುಳ ತಿಂದ ಆ ಬಸವನ ಮೇವು ಇವತ್ತಿನ ಜಾತ್ರೆ ಹೋರಿಯ ಮೇವಿಗಿಂತ ವಿಜ್ಞಾನಕ್ಕೆ ಹತ್ತಿರ. ಆದರೆ ಬರ ಬಂದ ವರ್ಷ ಕಾವಲಿನ ಹೋರಿಯೂ ಸೊರಗುತ್ತಿತ್ತು, ಅದನ್ನು ಮರೆಯಬಾರದು. ಈಗ ಕಾವಲುಗಳು ಒತ್ತುವರಿಯಾಗಿ ಕರಗಿವೆ, ಚಳ್ಳಕೆರೆಯ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಗಿದೆ. ಬಸವನನ್ನು ಬಿಡಲು ಊರಿಗೆ ಗೋಮಾಳವೂ ಉಳಿದಿಲ್ಲ. ಹಿಂದಕ್ಕೆ ಹೋಗುವ ದಾರಿಯಿಲ್ಲ, ಕಟ್ಟಿ ಸಾಕುವುದನ್ನೇ ಸರಿಯಾಗಿ ಮಾಡಬೇಕು.

ಜಾತ್ರೆ ಬೇಡ, ಬಹುಮಾನ ಬೇಡ ಎಂದು ಹೇಳುತ್ತಿಲ್ಲ. ರೈತ ಹೋರಿಯನ್ನು ಕೊಬ್ಬಿಸುವುದು ಬಹುಮಾನ ಕೊಡುವವರು ಕೊಬ್ಬಿಗೆ ಅಂಕ ಕೊಡುವುದರಿಂದ. ಅಂಕದ ಪಟ್ಟಿ ಬದಲಾದರೆ ಗೋದಲಿ ತಾನಾಗಿ ಬದಲಾಗುತ್ತದೆ. ಆದ್ದರಿಂದ ದನಗಳ ಜಾತ್ರೆ ನಡೆಸುವ ಸಮಿತಿಗಳಿಗೆ, ಕೃಷಿ ಮೇಳದವರಿಗೆ, ಪಶುಸಂಗೋಪನಾ ಇಲಾಖೆಗೆ ನನ್ನ ಕೋರಿಕೆ ಇಷ್ಟು. ಬೀಜದ ಹೋರಿಗಳನ್ನು ಎತ್ತಿನ ಜೋಡಿಗಳಿಂದ ಬೇರೆ ಮಾಡಿ ನೋಡಿ. ಕೊಂಬು, ಬಣ್ಣ ನೋಡುವ ಮೊದಲು ಟೇಪು ಹಿಡಿದು ವೃಷಣದ ಸುತ್ತಳತೆ ತೆಗೆದು ಆಯಾ ತಳಿಯ ಅಳತೆಗೆ ಹೋಲಿಸಿ, ನಾಲ್ಕೂ ಗೊರಸು ಎತ್ತಿ ನೋಡಿ, ಚಪ್ಪರದಿಂದ ಹೊರಗೆ ನೂರು ಹೆಜ್ಜೆ ನಡೆಸಿ. ಹತ್ತಿರದ ಪಶು ಆಸ್ಪತ್ರೆಯಿಂದ ಎರಡು ತಿಂಗಳೊಳಗಿನ ವೀರ್ಯ ಪರೀಕ್ಷೆಯ ಚೀಟಿ ತಂದ ಹೋರಿಯನ್ನು ಮಾತ್ರ ಸ್ಪರ್ಧೆಗೆ ಸೇರಿಸಿ. ಮತ್ತು ಆರು ತಿಂಗಳ ಹೋರಿಗರುವಿಗೂ ಒಂದು ಬಹುಮಾನ ಇಡಿ, ಹೋರಿಯ ಬಹುಮಾನದಷ್ಟೇ ದೊಡ್ಡದು. ಟೇಪಿನ ಬೆಲೆ ಐವತ್ತು ರೂಪಾಯಿ ಮೀರದು, ಜಾತ್ರೆಗೆ ಪಶುವೈದ್ಯರು ಹೇಗೂ ಬಂದೇ ಬರುತ್ತಾರೆ. ಬರುವ ಪುಷ್ಯದಲ್ಲಿ ಘಾಟಿಯಿಂದಲೇ ಶುರುಮಾಡಿ.